ಸ್ಲಾಟ್ ಆಟದಲ್ಲಿ ದುಡ್ಡು ಬೀಳುವುದು ಯಾರ ಲೆಕ್ಕದಂತೆ?

ಮೊಬೈಲಿನಲ್ಲಿ ಸ್ಲಾಟ್, ಅಂದರೆ ಚಿತ್ರಗಳಿರುವ ಚಕ್ರಗಳನ್ನು ತಿರುಗಿಸಿ, ಚಿತ್ರಗಳು ಹೊಂದಿ ಬಂದರೆ ಹಣ ಸಿಗುವ ಜೂಜು, ಆಡುವ ಹುಡುಗರ ನಡುವೆ ಉಡುಪಿ, ಮಂಗಳೂರಿನ ಕಡೆ ಮತ್ತೆ ಮತ್ತೆ ಕಿವಿಗೆ ಬೀಳುವ ಪ್ರಶ್ನೆಯೊಂದಿದೆ: “ಅದರಲ್ಲಿ ದುಡ್ಡು ಸರಿ ಬರ್ತದಾ ಮಾರಾಯಾ?” ಒಂದೇ ಪ್ರಶ್ನೆಯಂತೆ ಕೇಳಿಸಿದರೂ ಇದರೊಳಗೆ ಎರಡು ಪ್ರಶ್ನೆಗಳು ಸೇರಿಕೊಂಡಿವೆ. ಗುಂಡಿ ಒತ್ತಿ ಚಕ್ರ ತಿರುಗಿಸಿದಾಗ ಗೆಲುವು ಬೀಳುತ್ತದೆಯೇ ಎಂಬುದು ಮೊದಲನೆಯದು. ಬಿದ್ದ ಗೆಲುವು ಪರದೆಯ ಮೇಲಿನ ಅಂಕಿಯಾಗಿಯೇ ಉಳಿಯದೆ ಬ್ಯಾಂಕ್ ಖಾತೆಗೆ ಬಂದು ಸೇರುತ್ತದೆಯೇ ಎಂಬುದು ಎರಡನೆಯದು. ಮೊದಲನೆಯದನ್ನು ತೀರ್ಮಾನಿಸುವುದು ಆಟದೊಳಗೆ ಮೊದಲೇ ಬರೆದಿಟ್ಟ ಗಣಿತ. ಎರಡನೆಯದನ್ನು ತೀರ್ಮಾನಿಸುವುದು ಆಪ್ ನಡೆಸುವವನ ಇಚ್ಛೆ. ಇವೆರಡನ್ನೂ ಬಿಡಿಸಿ ನೋಡದೆ “ಮೋಸ ಇದೆಯೋ ಇಲ್ಲವೋ” ಎಂದು ವಾದಿಸುವುದರಿಂದ ಏನೂ ತಿಳಿಯುವುದಿಲ್ಲ, ಏಕೆಂದರೆ ಮೊದಲನೆಯ ಹಂತದಲ್ಲಿ ಎಳ್ಳಷ್ಟೂ ಮೋಸವಿಲ್ಲದ ಆಟದಲ್ಲಿಯೂ ಆಡಿದವನ ಕಿಸೆ ಬರಿದಾಗುವುದು ಬಹುತೇಕ ನಿಶ್ಚಿತ.

ಜುಗಾರಿ ಕರಾವಳಿಗೆ ಹೊಸದಲ್ಲ. ಕೋಳಿ ಅಂಕದ ಬದಿಯಲ್ಲಿ, ಜಾತ್ರೆಯ ಗದ್ದೆಯ ಕತ್ತಲ ಮೂಲೆಯಲ್ಲಿ ಕದ್ದುಮುಚ್ಚಿ ನಡೆಯುವ ಉಲಾಯಿ–ಪಿದಾಯಿಯಂತಹ ಇಸ್ಪೀಟು ಆಟಗಳನ್ನೂ ಚಿತ್ರದ ದಾಳಗಳ ಆಟವನ್ನೂ ಹಿರಿಯರು ಕಂಡೇ ಇದ್ದಾರೆ. ಸ್ಲಾಟ್ ಅರ್ಥವಾಗಬೇಕಾದರೆ ದಾಳದ ಆಟದಿಂದ ಹೊರಡುವುದೇ ಸುಲಭ. ಹಾಸಿನ ಮೇಲೆ ಆರು ಚಿತ್ರಗಳಿವೆ, ಅದೇ ಆರು ಚಿತ್ರಗಳಿರುವ ಮೂರು ದಾಳಗಳಿವೆ ಎಂದುಕೊಳ್ಳೋಣ. ಒಂದು ಚಿತ್ರದ ಮೇಲೆ ಒಂದು ರೂಪಾಯಿ ಇಟ್ಟರೆ ಆ ಚಿತ್ರ ಎಷ್ಟು ದಾಳಗಳ ಮೇಲೆ ಬರುತ್ತದೆಯೋ ಅಷ್ಟು ರೂಪಾಯಿ ಲಾಭ. ಒಂದರ ಮೇಲೂ ಬಾರದಿದ್ದರೆ ಇಟ್ಟದ್ದು ಹೋಯಿತು. ಮೂರು ದಾಳಗಳು ಬೀಳಬಹುದಾದ ಬಗೆಗಳು ಒಟ್ಟು 216. ಅವುಗಳಲ್ಲಿ 125 ಬಗೆಗಳಲ್ಲಿ ನಮ್ಮ ಚಿತ್ರ ಇರುವುದೇ ಇಲ್ಲ. 75ರಲ್ಲಿ ಒಂದು ಸಲ, 15ರಲ್ಲಿ ಎರಡು ಸಲ, ಒಂದರಲ್ಲಿ ಮಾತ್ರ ಮೂರೂ ದಾಳಗಳ ಮೇಲೆ ಅದು ಬರುತ್ತದೆ. ಲಾಭವೆಲ್ಲ ಕೂಡಿದರೆ 75, 30 ಮತ್ತು 3, ಅಂದರೆ 108 ರೂಪಾಯಿ; ನಷ್ಟ 125 ರೂಪಾಯಿ. 216 ರೂಪಾಯಿ ಪಣಕ್ಕೆ 17 ರೂಪಾಯಿ ಹಾಸು ಹಾಸಿದವನ ಪಾಲಾಗುತ್ತದೆ, ಎಂದರೆ ನೂರಕ್ಕೆ ಸುಮಾರು 7.9. ಅವನು ದಾಳವನ್ನು ತೇಯಬೇಕಾಗಿಲ್ಲ, ಕೈಚಳಕ ತೋರಬೇಕಾಗಿಲ್ಲ. ಕೊಡುವ ದರವನ್ನು ಸಾಧ್ಯತೆಗಿಂತ ಒಂದಿಷ್ಟು ಕಡಿಮೆ ಇಟ್ಟರೆ ಸಾಕು, ಉಳಿದದ್ದನ್ನು ರಾತ್ರಿಯಿಡೀ ನಡೆಯುವ ಆಟವೇ ನೋಡಿಕೊಳ್ಳುತ್ತದೆ.

ಸ್ಲಾಟ್ ಆಟದ ಹೃದಯವೂ ಇದೇ. ವ್ಯತ್ಯಾಸವೆಂದರೆ ದಾಳದ ಮುಖಗಳನ್ನು ಆಡುವವನು ಎಣಿಸಬಲ್ಲ, ಸ್ಲಾಟಿನ ಚಕ್ರವನ್ನು ಎಣಿಸಲಾರ. ಮೊದಲು ಹೀಗಿರಲಿಲ್ಲ. 1890ರ ದಶಕದಲ್ಲಿ ಸ್ಯಾನ್ ಫ್ರಾನ್ಸಿಸ್ಕೊದ ಚಾರ್ಲ್ಸ್ ಫೇ ತಯಾರಿಸಿದ ‘ಲಿಬರ್ಟಿ ಬೆಲ್’ ಯಂತ್ರದಲ್ಲಿ ನಿಜವಾದ ಮೂರು ಚಕ್ರಗಳಿದ್ದವು, ಅವುಗಳ ಮೇಲಿನ ಚಿತ್ರಗಳನ್ನು ಕಣ್ಣಿನಿಂದ ನೋಡಬಹುದಿತ್ತು. ಇಂತಹ ಯಂತ್ರದ ಒಂದೊಂದು ಚಕ್ರಕ್ಕೆ 22 ಸ್ಥಾನಗಳಿವೆ ಎಂದಿಟ್ಟುಕೊಂಡರೆ ಮೂರು ಚಕ್ರಗಳಿಂದ ಹುಟ್ಟುವ ಜೋಡಣೆಗಳು 10,648. ಅತಿ ದೊಡ್ಡ ಬಹುಮಾನದ ಚಿತ್ರ ಪ್ರತಿ ಚಕ್ರದಲ್ಲಿ ಒಂದೇ ಇದ್ದರೂ 10,648ಕ್ಕೆ ಒಂದು ಸಲ ಅದು ಬಿದ್ದೇ ಬೀಳುವ ಲೆಕ್ಕ, ಆದ್ದರಿಂದ ಅದಕ್ಕಿಂತ ಬಹಳ ದೊಡ್ಡ ಬಹುಮಾನ ಕೊಡುವುದು ಯಂತ್ರದ ಒಡೆಯನಿಗೆ ಸಾಧ್ಯವಿರಲಿಲ್ಲ. ಈ ಮಿತಿಯನ್ನು ಮುರಿದದ್ದು ಇಂಗೆ ಟೆಲ್ನೇಸ್ ಎಂಬಾತನಿಗೆ 1984ರಲ್ಲಿ ಅಮೆರಿಕದಲ್ಲಿ ದೊರೆತ ಪೇಟೆಂಟ್. ಚಕ್ರ ಎಲ್ಲಿ ನಿಲ್ಲಬೇಕೆಂಬುದನ್ನು ಚಕ್ರದ ತಿರುಗಾಟಕ್ಕೆ ಬಿಡದೆ, ಯಂತ್ರದೊಳಗಿನ ಚಿಪ್ ಹುಟ್ಟಿಸುವ ಯಾದೃಚ್ಛಿಕ, ಅಂದರೆ ಮುಂಚೆ ಊಹಿಸಲಾಗದ, ಸಂಖ್ಯೆಯೇ ತೀರ್ಮಾನಿಸುವುದು ಅದರ ತಿರುಳು. ಕಣ್ಣಿಗೆ ಕಾಣುವ ಚಕ್ರಕ್ಕೆ 22 ಸ್ಥಾನಗಳಿದ್ದರೂ ಚಿಪ್ಪಿನೊಳಗಿನ ಕಾಣದ ಚಕ್ರಕ್ಕೆ 64 ಸ್ಥಾನಗಳಿರಬಹುದು. ಆಗ ಜೋಡಣೆಗಳು 2,62,144ಕ್ಕೆ ಏರುತ್ತವೆ. ಕಾಣದ ಚಕ್ರದ ಹೆಚ್ಚಿನ ಸ್ಥಾನಗಳನ್ನು ಕಾಣುವ ಚಕ್ರದ ಖಾಲಿ ಜಾಗಗಳಿಗೆ ಜೋಡಿಸಿ, ದೊಡ್ಡ ಚಿತ್ರಕ್ಕೆ ಒಂದೇ ಒಂದನ್ನು ಉಳಿಸಬಹುದು. ಆ ದೊಡ್ಡ ಚಿತ್ರದ ಮೇಲೆ, ಕೆಳಗೆ ಇರುವ ಖಾಲಿ ಜಾಗಗಳಿಗೇ ಹೆಚ್ಚು ಸ್ಥಾನ ಕೊಟ್ಟರೆ “ಛೇ, ಸ್ವಲ್ಪದರಲ್ಲಿ ತಪ್ಪಿತು” ಎಂಬ ಅನುಭವವೂ ಹೆಚ್ಚು ಸಲ ಆಗುತ್ತದೆ. ನನ್ನ ಮಟ್ಟಿಗೆ ಸ್ಲಾಟಿನ ಇತಿಹಾಸದಲ್ಲಿ ಇದಕ್ಕಿಂತ ದೊಡ್ಡ ತಿರುವು ಇನ್ನೊಂದಿಲ್ಲ: ಅಂದಿನಿಂದ ಕಣ್ಣು ನೋಡುವುದಕ್ಕೂ ನಿಜವಾದ ಸಾಧ್ಯತೆಗೂ ಸಂಬಂಧ ಕಡಿದುಹೋಯಿತು.

ಆನ್‌ಲೈನ್ ಸ್ಲಾಟಿನಲ್ಲಿ ಚಕ್ರವೆಂಬ ವಸ್ತುವೇ ಇಲ್ಲ. ಬೆರಳು ಗುಂಡಿಯನ್ನು ಮುಟ್ಟಿದೊಡನೆ ಬೇಡಿಕೆಯೊಂದು ಆಟ ತಯಾರಿಸಿದ ಸಂಸ್ಥೆಯ ಸರ್ವರ್‌ಗೆ ಹೋಗುತ್ತದೆ; ಅಲ್ಲಿನ ಯಾದೃಚ್ಛಿಕ ಸಂಖ್ಯಾಜನಕವು ಸಂಖ್ಯೆಗಳನ್ನು ಕೊಡುತ್ತದೆ; ಕೋಷ್ಟಕವೊಂದು ಆ ಸಂಖ್ಯೆಗಳನ್ನು ಚಿತ್ರಗಳಾಗಿ, ಚಿತ್ರಗಳನ್ನು ಹಣವಾಗಿ ಬದಲಿಸುತ್ತದೆ; ಫಲಿತಾಂಶ ಮೊಬೈಲಿಗೆ ಮರಳಿ ಬಂದ ಮೇಲೆಯೇ ಚಕ್ರ ನಿಲ್ಲುವ ದೃಶ್ಯ ಮೂಡುತ್ತದೆ. ಚಕ್ರ ತಿರುಗುತ್ತಿರುವಾಗ ಇನ್ನೊಮ್ಮೆ ಒತ್ತಿ ಬೇಗ ನಿಲ್ಲಿಸುವುದರಿಂದ, ಮೊಬೈಲ್ ಬದಲಿಸುವುದರಿಂದ, ನಡುರಾತ್ರಿ ಆಡುವುದರಿಂದ ಏನೂ ಬದಲಾಗುವುದಿಲ್ಲ, ಏಕೆಂದರೆ ಆ ಹೊತ್ತಿಗೆ ಎಲ್ಲವೂ ತೀರ್ಮಾನವಾಗಿರುತ್ತದೆ. ಸಂಖ್ಯಾಜನಕಕ್ಕೆ ನೆನಪೂ ಇಲ್ಲ. ಇನ್ನೂರು ಸಲ ಸೋತವನಿಗೂ ಈಗಷ್ಟೇ ಕುಳಿತವನಿಗೂ ಮುಂದಿನ ಸುತ್ತಿನ ಸಾಧ್ಯತೆ ಒಂದೇ. ಇದಕ್ಕೆ ಅಪವಾದವೆಂದರೆ ಬ್ರಿಟನ್ನಿನ ಪಬ್‌ಗಳಲ್ಲಿರುವ ಕೆಲವು ಹಳೆಯ ಬಗೆಯ ಯಂತ್ರಗಳು. ಅವು ಈವರೆಗೆ ಕೊಟ್ಟದ್ದನ್ನು ನೋಡಿ ಮುಂದಿನದನ್ನು ಸರಿದೂಗಿಸುತ್ತವೆ. “ಮೆಷಿನ್ ತುಂಬಿದೆ, ಈಗ ಕೊಡುತ್ತದೆ” ಎಂಬ ನಂಬಿಕೆಗೆ ಅಂತಹ ಯಂತ್ರಗಳಲ್ಲಿ ಸ್ವಲ್ಪ ಆಧಾರವಿರಬಹುದು, ಯಾದೃಚ್ಛಿಕ ಆನ್‌ಲೈನ್ ಸ್ಲಾಟಿನಲ್ಲಿ ಇಲ್ಲ.

ಈ ಕೋಷ್ಟಕದಿಂದ ಹೊರಬರುವ ಒಟ್ಟು ಅಂಕಿಯನ್ನೇ ಆರ್‌ಟಿಪಿ ಎನ್ನುತ್ತಾರೆ, ಆಟಗಾರನಿಗೆ ಮರಳುವ ಪಾಲು ಎಂದು ಅದರ ಅರ್ಥ. 96 ಶೇಕಡಾ ಎಂದು ಬರೆದಿದ್ದರೆ ಇಟ್ಟ ನೂರರಲ್ಲಿ 96 ವಾಪಸು ಬರುತ್ತದೆಂದು ಹೆಚ್ಚಿನವರು ತಿಳಿಯುತ್ತಾರೆ. ಇಟ್ಟ ಹಣ ಬೇರೆ, ಪಣವಾದ ಹಣ ಬೇರೆ ಎಂಬುದು ಅಲ್ಲಿ ಮರೆತುಹೋಗುತ್ತದೆ. ಉಡುಪಿಯ ಸರ್ವಿಸ್ ಬಸ್ ನಿಲ್ದಾಣದಲ್ಲಿ ಮಂಗಳೂರಿನ ಬಸ್ಸು ಹತ್ತಿದವನೊಬ್ಬ ಕಾಪು, ಪಡುಬಿದ್ರಿ, ಮೂಲ್ಕಿ, ಸುರತ್ಕಲ್ ದಾಟಿ ಮಂಗಳೂರಿನ ಸ್ಟೇಟ್ ಬ್ಯಾಂಕ್ ನಿಲ್ದಾಣ ತಲುಪುವವರೆಗಿನ ಸುಮಾರು ಒಂದೂವರೆ ಗಂಟೆ ಆಡುತ್ತಾನೆ ಎಂದುಕೊಳ್ಳೋಣ. ಆರು ಸೆಕೆಂಡಿಗೆ ಒಂದು ಸುತ್ತು ಎಂದರೂ 900 ಸುತ್ತುಗಳಾದವು. ಸುತ್ತಿಗೆ 10 ರೂಪಾಯಿಯಂತೆ ಪಣವಾದದ್ದು 9,000 ರೂಪಾಯಿ, ಅವನು ಆಪ್‌ಗೆ ಹಾಕಿದ್ದು 1,000 ಮಾತ್ರವೇ ಆಗಿದ್ದರೂ ಸಹ. ನೂರಕ್ಕೆ ನಾಲ್ಕು ಹೋಗುವುದು ಈ 9,000ದ ಮೇಲೆ, ಆದ್ದರಿಂದ ಸರಾಸರಿ ನಷ್ಟ 360 ರೂಪಾಯಿ. ಒಂದು ಸುತ್ತಿಗೆ 40 ಪೈಸೆ ಎಂದು ಹೇಳಿದರೆ ಯಾರಿಗೂ ಹೆದರಿಕೆಯಾಗುವುದಿಲ್ಲ. ದಿನಕ್ಕೆ ಎರಡಾಣೆಯಂತೆ ಮನೆಬಾಗಿಲಿಗೇ ಬಂದು ಸಂಗ್ರಹಿಸುವ ಪಿಗ್ಮಿ ಠೇವಣಿ 1928ರಲ್ಲಿ ಆರಂಭವಾದದ್ದು ಉಡುಪಿಯಲ್ಲಿ ಹುಟ್ಟಿದ ಸಿಂಡಿಕೇಟ್ ಬ್ಯಾಂಕಿನಿಂದ. ಚಿಲ್ಲರೆ ಕಾಸು ನಿತ್ಯ ಸೇರುತ್ತಾ ಹೋದರೆ ಏನಾಗುತ್ತದೆಂದು ಇಲ್ಲಿನ ಮನೆಗಳಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಸ್ಲಾಟಿನಲ್ಲಿ ನಡೆಯುವುದು ಅದೇ ಲೆಕ್ಕದ ತಿರುಗುಮುರುಗು, ಸಂಗ್ರಾಹಕ ಮಾತ್ರ ದಿನಕ್ಕೊಮ್ಮೆ ಬಾರದೆ ಆರು ಸೆಕೆಂಡಿಗೊಮ್ಮೆ ಬರುತ್ತಾನೆ.

ಇನ್ನು ಆ 96 ಎಂಬುದು ಹೇಗೆ ಹಂಚಿಕೆಯಾಗಿದೆ ಎಂಬುದು ಅಷ್ಟೇ ಮುಖ್ಯ, ಮತ್ತು ಇದನ್ನು ಹೇಳುವವರು ಕಡಿಮೆ. ಒಂದು ಆಟದಲ್ಲಿ ಲಕ್ಷಕ್ಕೊಮ್ಮೆ ಬೀಳುವ, ಪಣದ 10,000 ಪಟ್ಟು ಕೊಡುವ ಬಹುಮಾನವಿದೆ ಎಂದುಕೊಳ್ಳಿ. 10,000ವನ್ನು ಒಂದು ಲಕ್ಷದಿಂದ ಭಾಗಿಸಿದರೆ ನೂರಕ್ಕೆ ಹತ್ತು. ಅಂದರೆ 96ರಲ್ಲಿ 10 ಪಾಲು ಆ ಒಂದೇ ಬಹುಮಾನದೊಳಗೆ ಅಡಗಿದೆ. ಅದು ಬೀಳದವನು ನಿಜವಾಗಿ ಆಡುತ್ತಿರುವುದು 86 ಶೇಕಡಾದ ಆಟವನ್ನು. ಬಸ್ಸಿನ 900 ಸುತ್ತುಗಳಲ್ಲಿ ಅದು ಬೀಳುವ ಸಾಧ್ಯತೆ ನೂರಕ್ಕೆ ಒಂದಕ್ಕಿಂತ ಕಡಿಮೆ. ಆದ್ದರಿಂದ ನೂರು ಪ್ರಯಾಣಗಳಲ್ಲಿ ತೊಂಬತ್ತೊಂಬತ್ತರಲ್ಲಿ ಅವನ ಸರಾಸರಿ ನಷ್ಟ 360 ಅಲ್ಲ, 1,260 ರೂಪಾಯಿ. ಹಾಕಿದ ಸಾವಿರ ಸ್ಟೇಟ್ ಬ್ಯಾಂಕ್ ತಲುಪುವ ಮೊದಲೇ ಮುಗಿದು, ಇನ್ನೊಮ್ಮೆ ಹಾಕಬೇಕಾಗುತ್ತದೆ. ಆಟದ ವಿವರದಲ್ಲಿ ‘ವೊಲಾಟಿಲಿಟಿ ಹೆಚ್ಚು’ ಎಂದು ಬರೆದಿರುವುದರ ಅರ್ಥ ಇದೇ. ಸುತ್ತಿಗೆ 10 ರೂಪಾಯಿಯನ್ನು, ಚಿತ್ರಗಳು ಹೊಂದಿ ಬಂದರೆ ಹಣ ಕೊಡುವ ಇಪ್ಪತ್ತು ಗೆರೆಗಳ ಮೇಲೆ 50 ಪೈಸೆಯಂತೆ ಹಂಚಿಡುವ ಆಟಗಳಲ್ಲಿ ಒಂದು ಗೆರೆಗೆ 4 ರೂಪಾಯಿ ಬಿದ್ದೊಡನೆ ಗಂಟೆ ಬಾರಿಸಿ, ನಾಣ್ಯದ ಮಳೆ ಸುರಿಸಿ ಸಂಭ್ರಮ ತೋರಿಸುತ್ತಾರೆ. ಆರು ರೂಪಾಯಿ ಹೋದದ್ದು ಆ ಸದ್ದಿನಲ್ಲಿ ಕೇಳಿಸುವುದಿಲ್ಲ.

ಈ ಅಂಕಿ ಸ್ಥಿರವೇ ಎಂಬ ಪ್ರಶ್ನೆಗೆ ಉತ್ತರ ಇನ್ನಷ್ಟು ಕಹಿಯಾದುದು. ಒಂದೇ ಹೆಸರಿನ, ಒಂದೇ ಚಿತ್ರ–ಸಂಗೀತದ ಆಟವನ್ನು ತಯಾರಕರು ಹಲವು ಆರ್‌ಟಿಪಿಗಳಲ್ಲಿ ಸಿದ್ಧಪಡಿಸಿ ಕೊಡುವುದು ಈ ಉದ್ಯಮದಲ್ಲಿ ಸಾಮಾನ್ಯ. ಒಂದು ತಾಣದಲ್ಲಿ 96 ಇದ್ದದ್ದು ಮತ್ತೊಂದರಲ್ಲಿ 94 ಅಥವಾ ಇನ್ನೂ ಕಡಿಮೆ ಇರಬಹುದು, ಆಯ್ಕೆ ತಾಣ ನಡೆಸುವವನದು. ಆಡುವವನು ತನ್ನ ಅನುಭವದಿಂದ ಇದನ್ನು ಕಂಡುಹಿಡಿಯಬಲ್ಲನೇ? ಒಂದು ಸುತ್ತಿನ ಫಲಿತಾಂಶದ ಏರಿಳಿತವನ್ನು ಸಂಖ್ಯಾಶಾಸ್ತ್ರದ ಅಳತೆಯಲ್ಲಿ ಪಣದ ಆರು ಪಟ್ಟು ಎಂದಿಟ್ಟುಕೊಂಡರೆ, 96 ಮತ್ತು 94ರ ನಡುವಿನ ವ್ಯತ್ಯಾಸವನ್ನು ತಕ್ಕಮಟ್ಟಿನ ಖಚಿತತೆಯಿಂದ ಹೇಳಲು ಸುಮಾರು 3,60,000 ಸುತ್ತುಗಳು ಬೇಕು. ನಮ್ಮ ಬಸ್ಸಿನ ಲೆಕ್ಕದಲ್ಲಿ ಇದು 400 ಪ್ರಯಾಣ; ದಿನವೂ ಹೋಗಿ ಬರುವವನಿಗೆ 200 ದಿನ. ಅಷ್ಟರಲ್ಲಿ ಅವನು ಪಣಕ್ಕಿಟ್ಟದ್ದು 36 ಲಕ್ಷ ರೂಪಾಯಿ, 94ರ ಲೆಕ್ಕದಲ್ಲಿ ಕಳೆದುಕೊಂಡದ್ದು 2 ಲಕ್ಷ 16 ಸಾವಿರ. “ನಿನ್ನೆ ಒಳ್ಳೆ ಕೊಟ್ಟಿತು, ಇವತ್ತು ಸೆಟ್ಟಿಂಗ್ ಬದಲಿಸಿದ್ದಾರೆ” ಎಂಬ ಮಾತಿಗೂ, “ನಾನು ಆಡಿ ನೋಡಿದ್ದೇನೆ, ಅದು ಸರಿ ಉಂಟು” ಎಂಬ ಮಾತಿಗೂ ಆಡಿದವನ ಬಳಿ ಆಧಾರ ಇರುವುದು ಸಾಧ್ಯವೇ ಇಲ್ಲ. ಇಬ್ಬರೂ ಪ್ರಾಮಾಣಿಕರಿರಬಹುದು, ಇಬ್ಬರಿಗೂ ಗೊತ್ತಿಲ್ಲ. ಗೊತ್ತಾಗಬೇಕಾದರೆ ಸರ್ವರ್‌ನ ಬಾಗಿಲು ತೆರೆಸಿ ನೋಡುವ ಅಧಿಕಾರ ಯಾರಿಗಾದರೂ ಇರಬೇಕು.

ಸ್ಲಾಟನ್ನು ಕಾನೂನುಬದ್ಧಗೊಳಿಸಿದ ದೇಶಗಳು ಕಟ್ಟಿಕೊಂಡಿರುವುದು ಆ ಅಧಿಕಾರವನ್ನೇ. ಅಮೆರಿಕದ ನೆವಾಡ ರಾಜ್ಯದಲ್ಲಿ ಯಂತ್ರಗಳು ಕನಿಷ್ಠ 75 ಶೇಕಡಾ, ನ್ಯೂ ಜೆರ್ಸಿಯಲ್ಲಿ ಕನಿಷ್ಠ 83 ಶೇಕಡಾ ಮರಳಿಸುವಂತೆ ವಿನ್ಯಾಸಗೊಂಡಿರಬೇಕು. ಜಿಎಲ್‌ಐ, ಇಕೋಗ್ರಾದಂತಹ ಪರೀಕ್ಷಾ ಸಂಸ್ಥೆಗಳು ಆಟದ ಮೂಲ ಕೋಡನ್ನು ಓದುತ್ತವೆ, ಸಂಖ್ಯಾಜನಕ ಕೊಡುವ ಸಂಖ್ಯೆಗಳ ಭಾರೀ ರಾಶಿಯನ್ನು ಸಂಖ್ಯಾಶಾಸ್ತ್ರದ ಪರೀಕ್ಷೆಗೆ ಒಡ್ಡುತ್ತವೆ. ಒಪ್ಪಿಗೆ ಪಡೆದ ತಂತ್ರಾಂಶಕ್ಕೆ ಡಿಜಿಟಲ್ ಗುರುತು ಇರುವುದರಿಂದ ಮುಂದೆ ಒಂದಕ್ಷರ ಬದಲಾದರೂ ತಪಾಸಣೆಯಲ್ಲಿ ಗೊತ್ತಾಗುತ್ತದೆ. ಬ್ರಿಟನ್ ಇನ್ನೂ ಮುಂದೆ ಹೋಗಿದೆ. 2021ರ ಅಕ್ಟೋಬರಿನಿಂದ ಅಲ್ಲಿ ಆನ್‌ಲೈನ್ ಸ್ಲಾಟಿನ ಒಂದು ಸುತ್ತು ಎರಡೂವರೆ ಸೆಕೆಂಡಿಗಿಂತ ಬೇಗ ಮುಗಿಯುವಂತಿಲ್ಲ, ತಾನಾಗಿಯೇ ತಿರುಗುತ್ತಾ ಹೋಗುವ ಆಟೊಪ್ಲೇ ಇಲ್ಲ, ಪಣಕ್ಕಿಂತ ಕಡಿಮೆ ಬಂದಾಗ ಗೆಲುವಿನ ಸದ್ದು ಮಾಡುವಂತಿಲ್ಲ. 2025ರ ಏಪ್ರಿಲ್‌ನಿಂದ ಒಂದು ಸುತ್ತಿಗೆ 5 ಪೌಂಡ್, ಅದೇ ವರ್ಷದ ಮೇ ತಿಂಗಳಿನಿಂದ 18ರಿಂದ 24 ವಯಸ್ಸಿನವರಿಗೆ 2 ಪೌಂಡ್ ಎಂಬ ಮಿತಿಯೂ ಬಂದಿದೆ. ಇವುಗಳಲ್ಲಿ ಯಾವುದೂ ಆಟಗಾರನನ್ನು ಗೆಲ್ಲಿಸುವುದಿಲ್ಲ. ಸೋಲುವ ವೇಗವನ್ನು ತಗ್ಗಿಸುತ್ತವೆ, ಹೇಳಿದ ಅಂಕಿಗೂ ನಡೆಯುವ ಅಂಕಿಗೂ ತಾಳೆ ಇರುವಂತೆ ನೋಡಿಕೊಳ್ಳುತ್ತವೆ.

ಇಷ್ಟಿದ್ದೂ ಒಳಗಿನವರಿಂದಲೇ ವಂಚನೆ ನಡೆದದ್ದುಂಟು. ನೆವಾಡದ ನಿಯಂತ್ರಣ ಮಂಡಳಿಯಲ್ಲಿ ಯಂತ್ರಗಳನ್ನು ಪರೀಕ್ಷಿಸುವ ಕೆಲಸದಲ್ಲಿದ್ದ ರೊನಾಲ್ಡ್ ಹ್ಯಾರಿಸ್ 1990ರ ದಶಕದಲ್ಲಿ, ನಾಣ್ಯಗಳನ್ನು ನಿರ್ದಿಷ್ಟ ಕ್ರಮದಲ್ಲಿ ಹಾಕಿದರೆ ಬಹುಮಾನ ಬೀಳುವಂತೆ ಚಿಪ್‌ಗಳಲ್ಲಿ ಗುಪ್ತ ಕೋಡ್ ಸೇರಿಸಿ ಸಿಕ್ಕಿಬಿದ್ದ. ಅಮೆರಿಕದ ಹಲವು ರಾಜ್ಯಗಳ ಲಾಟರಿ ಒಕ್ಕೂಟದ ಭದ್ರತಾ ವಿಭಾಗದಲ್ಲಿದ್ದ ಎಡ್ಡಿ ಟಿಪ್ಟನ್, ಸಂಖ್ಯಾಜನಕದೊಳಗೆ ಕೆಲವೇ ದಿನಾಂಕಗಳಂದು ಊಹಿಸಬಲ್ಲ ಸಂಖ್ಯೆ ಕೊಡುವ ಕೋಡ್ ಅಡಗಿಸಿಟ್ಟು 2010ರಲ್ಲಿ ಕೋಟ್ಯಂತರ ಡಾಲರ್‌ಗಳ ಬಹುಮಾನಕ್ಕೆ ಕೈಹಾಕಿದ. 2017ರಲ್ಲಿ ಅವನಿಗೆ 25 ವರ್ಷಗಳವರೆಗಿನ ಸೆರೆವಾಸ ವಿಧಿಸಲಾಯಿತು. ಪರೀಕ್ಷೆ, ಲೆಕ್ಕಪತ್ರ, ಕಾನೂನು ಎಲ್ಲವೂ ಇದ್ದ ಕಡೆಗಳಲ್ಲಿ ಸಂಖ್ಯಾಜನಕವನ್ನು ಬಗ್ಗಿಸಲು ಸಾಧ್ಯವಾಯಿತು ಎಂಬುದನ್ನು ಗಮನದಲ್ಲಿಟ್ಟುಕೊಂಡೇ, ಅವು ಯಾವುವೂ ಇಲ್ಲದ ಆಪ್‌ಗಳತ್ತ ನೋಡಬೇಕು.

ನಮ್ಮಲ್ಲಿ ಪರಿಸ್ಥಿತಿ ಹೀಗಿದೆ. ಕರ್ನಾಟಕವು 2007ರಲ್ಲಿ ಲಾಟರಿ ಮಾರಾಟವನ್ನೇ ನಿಲ್ಲಿಸಿತು. ಆನ್‌ಲೈನ್ ಜೂಜನ್ನು ನಿಷೇಧಿಸಲು 2021ರಲ್ಲಿ ಪೊಲೀಸ್ ಕಾಯ್ದೆಗೆ ತಂದ ತಿದ್ದುಪಡಿಯ ಮುಖ್ಯ ಭಾಗಗಳನ್ನು 2022ರ ಫೆಬ್ರವರಿ 14ರಂದು ಹೈಕೋರ್ಟ್ ರದ್ದುಪಡಿಸಿತು; ಕೌಶಲದ ಆಟವನ್ನೂ ಅದೃಷ್ಟದ ಆಟವನ್ನೂ ಒಂದೇ ಬುಟ್ಟಿಗೆ ಹಾಕಿದ್ದು ಅದರ ದೋಷವಾಗಿತ್ತು. ಸ್ಲಾಟ್ ಅಪ್ಪಟ ಅದೃಷ್ಟದ ಆಟ, ಕೌಶಲದ ವಾದ ಅದಕ್ಕೆ ಎಂದೂ ಅನ್ವಯಿಸಿದ್ದಿಲ್ಲ. ಕೇಂದ್ರದ ಆನ್‌ಲೈನ್ ಗೇಮಿಂಗ್ ಉತ್ತೇಜನ ಮತ್ತು ನಿಯಂತ್ರಣ ಕಾಯ್ದೆಗೆ 2025ರ ಆಗಸ್ಟ್ 22ರಂದು ರಾಷ್ಟ್ರಪತಿಗಳ ಅಂಕಿತ ಬಿತ್ತು. ಕೌಶಲವೋ ಅದೃಷ್ಟವೋ ಎಂದು ನೋಡದೆ, ಹಣವಿಟ್ಟು ಆಡುವ ಎಲ್ಲ ಆನ್‌ಲೈನ್ ಆಟಗಳನ್ನೂ ಅದು ನಿಷೇಧಿಸುತ್ತದೆ. ನಡೆಸುವವರಿಗೆ ಮೂರು ವರ್ಷಗಳವರೆಗೆ ಸೆರೆ, ಒಂದು ಕೋಟಿ ರೂಪಾಯಿವರೆಗೆ ದಂಡ, ಜಾಹೀರಾತು ಮಾಡುವವರಿಗೆ ಎರಡು ವರ್ಷ ಮತ್ತು 50 ಲಕ್ಷದವರೆಗೆ ದಂಡ ವಿಧಿಸಬಹುದು. ಆಡಿದವನಿಗೆ ಆ ಕಾಯ್ದೆಯಲ್ಲಿ ಶಿಕ್ಷೆ ಇಲ್ಲ. ಅದರ ಸಿಂಧುತ್ವವನ್ನು ಪ್ರಶ್ನಿಸಿ ಕರ್ನಾಟಕವೂ ಸೇರಿ ಬೇರೆ ಬೇರೆ ಹೈಕೋರ್ಟ್‌ಗಳಲ್ಲಿ ಹೂಡಿದ ಅರ್ಜಿಗಳು ಸುಪ್ರೀಂ ಕೋರ್ಟ್‌ಗೆ ವರ್ಗವಾಗಿವೆ.

ನಿಷೇಧ ಸರಿಯೆಂದೇ ನನ್ನ ಅಭಿಪ್ರಾಯ. ಆದರೆ ನಿಷೇಧದ ಒಂದು ಪರಿಣಾಮವನ್ನು ಸ್ಪಷ್ಟವಾಗಿ ಕಾಣಬೇಕು: ಇಂದು ಮಂಗಳೂರಿನ ಮೊಬೈಲಿನಲ್ಲಿ ತೆರೆಯುವ, ಹಣವಿಟ್ಟು ಆಡುವ ಯಾವ ಸ್ಲಾಟಿಗೂ ಇಲ್ಲಿನ ಪರವಾನಗಿ ಇಲ್ಲ, ಆದ್ದರಿಂದ ಅದರ ಆರ್‌ಟಿಪಿಯನ್ನು ಪರೀಕ್ಷಿಸಿದ ಅಧಿಕಾರಿಯೂ ಇಲ್ಲ. ಪ್ರಸಿದ್ಧ ಆಟಗಳ ನಕಲನ್ನು, ಅದೇ ಹೆಸರು ಚಿತ್ರಗಳೊಂದಿಗೆ, ತಮ್ಮದೇ ಸರ್ವರ್‌ನಲ್ಲಿ ನಡೆಸುವ ತಾಣಗಳಿವೆ. ಹೊಸಬನಿಗೆ ಮೊದಲ ವಾರ ಧಾರಾಳವಾಗಿ ಕೊಟ್ಟು, ಠೇವಣಿ ಹೆಚ್ಚಿದ ಮೇಲೆ ಬಿಗಿಗೊಳಿಸುವಂತೆ ಅಂತಹ ಸರ್ವರ್‌ನಲ್ಲಿ ಕೋಡ್ ಬರೆಯಲು ಯಾವ ತಾಂತ್ರಿಕ ತಡೆಯೂ ಇಲ್ಲ. ಪರದೆಯ ಮೂಲೆಯಲ್ಲಿರುವ ಪರೀಕ್ಷಾ ಸಂಸ್ಥೆಯ ಮುದ್ರೆ ಒಂದು ಚಿತ್ರ ಮಾತ್ರ, ಯಾರು ಬೇಕಾದರೂ ಅಂಟಿಸಬಹುದು. ತಲಪಾಡಿ ದಾಟಿ ಮಂಜೇಶ್ವರದಲ್ಲಿ ಕೇರಳ ಲಾಟರಿ ಕೊಳ್ಳುವವನ ಸೋಲಿನ ಸಾಧ್ಯತೆಯೇನೂ ಕಡಿಮೆಯಲ್ಲ. ಆದರೂ ಅವನ ಟಿಕೆಟಿನ ಬೆನ್ನಿನ ಮೇಲೆ ಬಹುಮಾನಗಳ ವಿವರ ಅಚ್ಚಾಗಿರುತ್ತದೆ, ಡ್ರಾ ತೀರ್ಪುಗಾರರ ಎದುರು ಬಹಿರಂಗವಾಗಿ ನಡೆಯುತ್ತದೆ, ಗೆದ್ದರೆ ಕೇಳಲು ಒಂದು ಸರ್ಕಾರಿ ಕಚೇರಿ ಇದೆ. ವಾಟ್ಸ್ಆ್ಯಪ್‌ನಲ್ಲಿ ‘ಐಡಿ’ (ಆಟಕ್ಕೆ ಪ್ರವೇಶಿಸುವ ಖಾತೆ) ಪಡೆದು ಸ್ಲಾಟ್ ಆಡುವವನಿಗೆ ಈ ಮೂರರಲ್ಲಿ ಒಂದೂ ಇಲ್ಲ.

ಎರಡನೆಯ ಪ್ರಶ್ನೆ ಏಳುವುದು ಇಲ್ಲಿಯೇ. ಕಾಪು ಕಡೆಯ, ನನಗೆ ಪರಿಚಯದ ಯುವಕನೊಬ್ಬನ ಖಾತೆಯಲ್ಲಿ ಒಮ್ಮೆ 14,000 ರೂಪಾಯಿ ಗೆಲುವು ಕಾಣಿಸುತ್ತಿತ್ತು. ವಿತ್‌ಡ್ರಾ ಕೊಟ್ಟರೆ ಮೊದಲು ಗುರುತಿನ ದಾಖಲೆ ಕೇಳಿದರು, ನಂತರ ‘ತೆರಿಗೆ’ ಎಂದು 2,000 ಮುಂಗಡ ಕೇಳಿದರು, ಅದನ್ನು ಕಟ್ಟಿದ ಮೇಲೆ ಬೋನಸಿನ ಷರತ್ತು ಮುಗಿದಿಲ್ಲ ಎಂದರು. ಹಣ ಬರಲೇ ಇಲ್ಲ. ಅವನ ಮಟ್ಟಿಗೆ ಆ ಆಟದ ಆರ್‌ಟಿಪಿ 96 ಇತ್ತೋ 60 ಇತ್ತೋ ಎಂಬುದಕ್ಕೆ ಅರ್ಥವೇ ಉಳಿಯಲಿಲ್ಲ. ಬೋನಸಿನ ಷರತ್ತನ್ನು ಲೆಕ್ಕ ಹಾಕಿದರೆ ಅದು ಉಡುಗೊರೆಯಲ್ಲ ಎಂಬುದು ತಿಳಿಯುತ್ತದೆ: 1,000 ರೂಪಾಯಿ ಬೋನಸಿಗೆ 30 ಪಟ್ಟು ಆಡಬೇಕು ಎಂದರೆ 30,000 ಪಣ; 96ರ ಆಟದಲ್ಲೇ ಅದರ ಸರಾಸರಿ ನಷ್ಟ 1,200, ಅಂದರೆ ಕೊಟ್ಟ ಬೋನಸಿಗಿಂತ 200 ಹೆಚ್ಚು. ಕ್ರಿಪ್ಟೊ ತಾಣಗಳು ‘ಪ್ರೂವಬ್ಲಿ ಫೇರ್’ ಎಂದು ತೋರಿಸುವ ಗಣಿತದ ಬೀಗವು, ಪಣ ಇಟ್ಟ ಮೇಲೆ ಫಲಿತಾಂಶ ಬದಲಿಸಿಲ್ಲ ಎಂಬುದನ್ನು ಪರೀಕ್ಷಿಸಿಕೊಳ್ಳಲು ನಿಜವಾಗಿಯೂ ನೆರವಾಗುತ್ತದೆ. ಆದರೆ ಗೆದ್ದದ್ದನ್ನು ಕೊಡಲು ಅದು ಯಾರನ್ನೂ ಕಟ್ಟಿಹಾಕುವುದಿಲ್ಲ.

ಬಂದ ಹಣವೂ ನಿರಾಳವಲ್ಲ. ಇಂತಹ ಆಪ್‌ಗಳು ತಮ್ಮ ಹೆಸರಿನ ಖಾತೆಯಿಂದ ಪಾವತಿ ಮಾಡುವುದು ಅಪರೂಪ. ದುಡ್ಡು ಓಡಾಡುವುದು ಯಾರದೋ ಹೆಸರಿನಲ್ಲಿ ಬಾಡಿಗೆಗೆ ಪಡೆದ ಖಾತೆಗಳ ಮೂಲಕ. ಆ ಖಾತೆಗೆ ಬೇರೆಲ್ಲೋ ನಡೆದ ಸೈಬರ್ ವಂಚನೆಯ ಹಣ ಬಿದ್ದು, ವಂಚನೆಗೊಳಗಾದವರು ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿ ದೂರು ಕೊಟ್ಟರೆ, ಹಣದ ಜಾಡು ಹಿಡಿದು ಮುಂದಿನ ಖಾತೆಗಳಿಗೂ ತಡೆ ಬೀಳುತ್ತದೆ. ಹಾಗೆ 3,000 ರೂಪಾಯಿ ಗೆಲುವು ಪಡೆದವನ ಸಂಬಳದ ಖಾತೆಯೇ ನಿಂತುಹೋಗಿ, ಹೊರರಾಜ್ಯದ ಠಾಣೆಯೊಂದಕ್ಕೆ ವಿವರಣೆ ಬರೆಯುತ್ತಾ ತಿಂಗಳುಗಟ್ಟಲೆ ಬ್ಯಾಂಕಿಗೆ ಅಲೆಯಬೇಕಾಗಬಹುದು. ಹಣ ಕಳೆದುಕೊಂಡವರು ಕೂಡ ಅದೇ 1930ಕ್ಕೆ, ಅಥವಾ ಸೈಬರ್ ಅಪರಾಧಗಳನ್ನು ನೋಡಿಕೊಳ್ಳುವ ಹತ್ತಿರದ ಸೆನ್ ಪೊಲೀಸ್ ಠಾಣೆಗೆ, ಯುಪಿಐ ವಹಿವಾಟಿನ ಸಂಖ್ಯೆ, ಹಣ ಹೋದ ಖಾತೆಯ ವಿವರ ಮತ್ತು ವಾಟ್ಸ್ಆ್ಯಪ್ ಸಂದೇಶಗಳನ್ನು ಅಳಿಸದೆ ಇಟ್ಟುಕೊಂಡು ಹೋಗಬೇಕು. ಹಣ ಖಾತೆಯಿಂದ ಖಾತೆಗೆ ಹಾರುವ ಮೊದಲ ಕೆಲವು ಗಂಟೆಗಳಲ್ಲಿ ತಡೆಹಿಡಿಯಲು ಸಾಧ್ಯವಾದಷ್ಟು ಮೊತ್ತ, ಮರುದಿನಕ್ಕೆ ಉಳಿದಿರುವುದಿಲ್ಲ.